ಕ್ಷಮಿಸಿದ ಮೇಲೆ ಮರಳಿ ಹೋಗಲೇಬೇಕೆ?

(ಗೋಕಾಕದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬಂದಿರುವ ಸಹೋದರಿಯರೇ,

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ಹುಕ್ಕೇರಿ ಕಡೆಗೆ ಮದುವೆಯಾಗಿ ಹೋಗಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಮನೆಗೆ ಬಂದಳು. ತವರಿನಿಂದ ಇನ್ನಷ್ಟು ಹಣ ತಾ ಎಂದು ಗಂಡ ಹೊಡೆಯುತ್ತಿದ್ದ. "ನಾ ಏನ್ ಮಾಡ್ಲಿ ಹೇಳ್ರಿ ಮೇಡಂ" ಎಂದಳು. ಇಬ್ಬರೂ ಕ್ರೈಸ್ತರು. "ಏಳಲ್ಲ, ಏಳೆಪ್ಪತ್ತು ಸಾರಿ ಕ್ಷಮಿಸಬೇಕಂತ ಸ್ವಾಮಿ ಹೇಳ್ಯಾನಲ್ಲವ್ವಾ, ಹೋಗು" ಎಂದು ಕಳಿಸಿಬಿಟ್ಟೆ. ಎರಡು ತಿಂಗಳಿಗೆ ಕೈ ಮುರಿದುಕೊಂಡು ಬಂದಳು. ಹೊಡೆದವನನ್ನು ಒಂದು ಮಾತೂ ಕೇಳದೆ, ಹೊಡೆಸಿಕೊಂಡವಳಿಗೆ ಉಪದೇಶ ಮಾಡಿದ್ದೆ.

ಆಮೇಲೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯವನ್ನು ಮತ್ತೆ ಓದಿದೆ. ಏಳೆಪ್ಪತ್ತರ ಮಾತಿಗೆ ಮುಂಚೆಯೇ ಅಲ್ಲೊಂದು ಕ್ರಮವಿದೆ: ತಪ್ಪು ಮಾಡಿದವನಿಗೆ ತಿಳಿಸಬೇಕು, ಕೇಳದಿದ್ದರೆ ಸಾಕ್ಷಿಗಳೊಡನೆ ಹೋಗಬೇಕು, ಆಗಲೂ ಕೇಳದಿದ್ದರೆ ಸಭೆಯ ಮುಂದಿಡಬೇಕು. ನಾವು ಹೆಂಗಸರಿಗೆ ಇದನ್ನು ಬಿಟ್ಟು ಮುಂದಿನದನ್ನಷ್ಟೇ ಬೋಧಿಸುತ್ತೇವೆ. ಲೂಕನಲ್ಲಿ ಬರುವ ಜಕ್ಕಾಯ ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುವೆನೆಂದ. ಅದು ಪಶ್ಚಾತ್ತಾಪ. ಕುಡಿತ ಇಳಿದ ಮೇಲೆ ಅತ್ತು, ಹೆಂಡತಿಯ ಬಂಗಾರವನ್ನು ತನ್ನಲ್ಲೇ ಇಟ್ಟುಕೊಂಡವನದನ್ನು ಹಾಗೆನ್ನಬಹುದೆ?

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಎಳೆಯ ಮಕ್ಕಳನ್ನೂ ಜೀವಂತ ಸುಟ್ಟರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. ಆದರೆ ಆ ಕ್ಷಮೆಯಿಂದ ನ್ಯಾಯಾಲಯದ ಕೆಲಸ ನಿಲ್ಲಲಿಲ್ಲ; 2011ರಲ್ಲಿ ಸುಪ್ರೀಂ ಕೋರ್ಟು ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಷಮೆ ನೊಂದವರ ಮನಸ್ಸಿಗೆ ಸೇರಿದ್ದು, ಶಿಕ್ಷೆ ಕಾನೂನಿಗೆ ಸೇರಿದ್ದು.

ನಮ್ಮ ಕಾನೂನೂ ತಡವಾಗಿಯೇ ಎಚ್ಚೆತ್ತಿತು. 1869ರ ವಿಚ್ಛೇದನ ಕಾಯಿದೆಯಲ್ಲಿ ಕ್ರೈಸ್ತ ಹೆಂಡತಿಗೆ ಗಂಡನ ಕ್ರೌರ್ಯವೊಂದೇ ಸಾಲುತ್ತಿರಲಿಲ್ಲ. ವ್ಯಭಿಚಾರವನ್ನೂ ರುಜುವಾತು ಮಾಡಬೇಕಿತ್ತು. 2001ರ ತಿದ್ದುಪಡಿಯಿಂದ ಕ್ರೌರ್ಯವೊಂದೇ ಸಾಕಾಯಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಯಾವ ಧರ್ಮದ ಹೆಂಗಸಿಗೂ ರಕ್ಷಣೆಯನ್ನು, ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದೆ.

ಆ ಹುಡುಗಿ ಈಗ ಮೂಡಲಗಿಯಲ್ಲಿ ಹೊಲಿಗೆ ಮಾಡಿಕೊಂಡಿದ್ದಾಳೆ. "ಅವನ ಮ್ಯಾಲೆ ಸಿಟ್ಟಿಲ್ರಿ ಮೇಡಂ, ಆದ್ರ ಆ ಮನಿಗೆ ಹೋಗೂದಿಲ್ರಿ" ಎನ್ನುತ್ತಾಳೆ. ಅವಳ ಕ್ಷಮೆಯಲ್ಲಿ ಕೊರತೆ ಹುಡುಕುವ ಹಕ್ಕು ನನಗಿಲ್ಲ.

ಸಹೋದರಿಯರೇ, ನಿಮ್ಮ ಬಾಗಿಲಿಗೆ ಅಂಥವಳು ಬಂದರೆ ವೇದವಾಕ್ಯ ಆಮೇಲೆ ಇರಲಿ. ಮೊದಲು ಒಳಗೆ ಕರೆಯಿರಿ, ಊಟಕ್ಕೆ ಬಡಿಸಿರಿ, ರಾತ್ರಿ ಮಲಗಲು ಜಾಗ ಕೊಡಿರಿ.