ಹಾವಿನ ಪೆಟ್ಟಿಗೆಗೆ ಯಾವ ಮರ?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ ಇದೆ. ಆಫ್ರಿಕಾ ಮೂಲದ, ವಿಷವಿಲ್ಲದ ಹಾವು. ಸೈಟಿಸ್ ಪಟ್ಟಿಯಲ್ಲಿರೋದ್ರಿಂದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ, ಮಾಡಿಸಿದ್ದೇನೆ. ನಮ್ಮ ದೇಶದ ಹೆಬ್ಬಾವು, ನಕ್ಷತ್ರ ಆಮೆ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಇದನ್ನ ಮೊದಲೇ ಹೇಳಿಬಿಡ್ತೀನಿ.

ಪೆಟ್ಟಿಗೆ ಮಾಡಿಸೋರು ಸಾಮಾನ್ಯವಾಗಿ "ಸಾಗುವಾನಿನಾ, ಪೈನಾ?" ಅಂತ ಕೇಳ್ತಾರೆ. ನಾನು ಕೇಳೋ ಪ್ರಶ್ನೆ ಬೇರೆ. 32 ಡಿಗ್ರಿ ಬಿಸಿ, ಶೇ. 60ರಷ್ಟು ತೇವ ಇರೋ ಮುಚ್ಚಿದ ಪೆಟ್ಟಿಗೆಯಲ್ಲಿ ಆ ಮರದಿಂದ ಏನು ಹೊರಗೆ ಬರುತ್ತೆ? ವಾಸನೆ ಬಂದರೆ ನಾವು ಕಿಟಕಿ ತೆಗೀತೀವಿ. ಹಾವು ಅದೇ ಗಾಳಿಯನ್ನ ಹಗಲೂ ರಾತ್ರಿ ಉಸಿರಾಡುತ್ತೆ. ಅದಕ್ಕೆ ನಮ್ಮ ಹಾಗೆ ವಪೆ ಇಲ್ಲ, ಕೆಮ್ಮಿ ಕಫ ತೆಗೆಯೋಕೂ ಆಗಲ್ಲ.

ಹಾಗಾಗಿ ಘಮಘಮ ಅನ್ನೋ ಮರ ಬೇಡ. ಬಟ್ಟೆ ಪೆಟ್ಟಿಗೆಗೆ ದೇವದಾರು, ಕರ್ಪೂರದ ಮರ ಒಳ್ಳೇದು, ಹುಳ ಬರಲ್ಲ ಅಂತೀವಿ. ಹುಳ ಓಡಿಸೋ ಆ ಎಣ್ಣೆಯೇ ಇಲ್ಲಿ ತೊಂದರೆ. ರಾಳ ಒಸರೋ ಹಸಿ ಪೈನ್ ಕೂಡ ಬೇಡ.

ಪ್ಲೈವುಡ್ ಆದರೆ ಮರಕ್ಕಿಂತ ಅಂಟು ಮುಖ್ಯ. ಅಗ್ಗದ ಎಂಆರ್ ಪ್ಲೈ, ಎಂಡಿಎಫ್ ಎರಡರಲ್ಲೂ ಸಾಮಾನ್ಯವಾಗಿ ಇರೋದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಬಿಸಿ, ತೇವ ಸೇರಿದರೆ ಅದು ಒಡೆದು ಫಾರ್ಮಾಲ್ಡಿಹೈಡ್ ಬಿಡುತ್ತೆ. ಐಎಸ್ 710 ಮುದ್ರೆಯ ಪ್ಲೈನಲ್ಲಿ ಫೀನಾಲ್ ಅಂಟು ಇರುತ್ತೆ, ಅದು ಬೇಗ ಒಡೆಯಲ್ಲ. ಆದರೆ ಆ ಪ್ಲೈಗೂ ಗೆದ್ದಲು, ಹುಳ ತಡೆಯೋ ರಾಸಾಯನಿಕ ಹಾಕಿರ್ತಾರೆ. ಅದಕ್ಕೇ ಒಳಮೈ, ಅಂಚು, ತೂತು ಎಲ್ಲಕ್ಕೂ ನೀರು ಆಧಾರಿತ ಪಾಲಿಯುರೆಥೇನ್ ಮೂರು ಕೋಟ್ ಹೊಡೆಸಿ. ಬಡಗಿ "ಗೆದ್ದಲು ಎಣ್ಣೆ ಹಚ್ಚಲಾ?" ಅಂತ ಕೇಳಿದರೆ ಖಂಡಿತ ಬೇಡ ಅನ್ನಿ.

ಭೋಸರಿ, ಚಾಕಣ್ ಕಡೆ ಪ್ಯಾಲೆಟ್ ಮರ ಅಗ್ಗಕ್ಕೆ ಸಿಗುತ್ತೆ. ಗೋಧಿ ತೆನೆ ಮುದ್ರೆಯ ಪಕ್ಕದ ಅಕ್ಷರ ನೋಡಿ. ಎಚ್‌ಟಿ ಅಂದರೆ ಬಿಸಿ ಮಾಡಿದ್ದು. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಕೊಟ್ಟಿದ್ದು, ಮುಟ್ಟಬೇಡಿ. ಎಚ್‌ಟಿ ಇದ್ದರೂ ಎಣ್ಣೆ ಕಲೆ ಇದ್ದರೆ ಬಿಡಿ.

ಕೊನೆಗೆ, ಖಾಲಿ ಪೆಟ್ಟಿಗೆಯನ್ನ ಎರಡು ಮೂರು ವಾರ ಗಾಳಿಗೆ ಇಡಿ. ಆಮೇಲೆ ಹೀಟರ್ ಹಾಕಿ ಒಂದು ದಿನ ಮುಚ್ಚಿಟ್ಟು, ಬಾಗಿಲು ತೆಗೆದು ಮೂಸಿ ನೋಡಿ. ಏನಾದರೂ ವಾಸನೆ ಬಂದರೆ ಇನ್ನೊಂದು ವಾರ ಕಾಯಿರಿ. ಆತುರ ನಮ್ಮದು, ಉಸಿರು ಅದರದ್ದು.