ಮುಚ್ಚಿದ ಕದದ ಹೊರಗೆ
(ಪಂಚಾಶತ್ತಮ ಹಬ್ಬದ ಪ್ರಬೋಧನೆ)



ಇಂದಿನ ಶುಭಸಂದೇಶದಲ್ಲಿ ಶಿಷ್ಯರು ಅಂಜಿ, ಕದ ಮುಚ್ಚಿಕೊಂಡು ಕೂತಿದ್ದಾರೆ. ಪ್ರಭು ಯೇಸು ಅವರ ನಡುವೆ ನಿಂತು ಶಾಂತಿಯನ್ನು ಹಾರೈಸುತ್ತಾರೆ. ಕೂಡಲೇ ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾರೆ. ಗಾಯವನ್ನು ಬಚ್ಚಿಡುವುದಿಲ್ಲ, ಗಾಯ ಮಾಡಿದವರ ಮೇಲೆ ದೂರನ್ನೂ ಹೇಳುವುದಿಲ್ಲ. ಕ್ಷಮಿಸುವ ಅಧಿಕಾರ ಕೊಟ್ಟು ಹೊರಗೆ ಕಳುಹಿಸುತ್ತಾರೆ. ಮೊದಲ ವಾಚನದಲ್ಲಿ ಅದೇ ಶಿಷ್ಯರು ಬೀದಿಗೆ ಬಂದಿದ್ದಾರೆ. ನೆರೆದವರೆಲ್ಲ ತಮ್ಮ ತಮ್ಮ ಭಾಷೆಯಲ್ಲೇ ಅವರ ಮಾತನ್ನು ಕೇಳುತ್ತಿದ್ದಾರೆ. ಪವಿತ್ರಾತ್ಮರು ಎಲ್ಲರಿಗೂ ಒಂದೇ ಭಾಷೆ ಕಲಿಸಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬದುಕುವ ನಾವು ಇದನ್ನು ಗಮನಿಸಬೇಕು.

ನಮ್ಮ ಜಿಲ್ಲೆಗೂ ಗಾಯಗಳಿವೆ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಬೆಳಗಾವಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ತಕರಾರು ಅಲ್ಲಿಂದಲೇ ಬೆಳೆಯಿತು. 1967ರ ಮಹಾಜನ ವರದಿಯನ್ನು ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. 1986ರ ಜೂನ್‌ನಲ್ಲಿ ಕನ್ನಡ ಕಡ್ಡಾಯದ ವಿರುದ್ಧದ ಚಳವಳಿಯಲ್ಲಿ ಗೋಲಿಬಾರ್ ಆಗಿ ಜೀವಗಳು ಹೋದವು. 2004ರಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಇಂಥ ದಿನ ಬಸ್ಸು ನಿಂತರೆ ದೊಡ್ಡವರಿಗೆ ಏನೂ ಆಗುವುದಿಲ್ಲ. ಗಡಹಿಂಗ್ಲಜಕ್ಕೆ ಮಗಳನ್ನು ಕೊಟ್ಟ ತಾಯಿ ಗಂಟು ಹಿಡಿದು ಸಂಕೇಶ್ವರದ ಸ್ಟ್ಯಾಂಡಿನಲ್ಲೇ ಕೂರಬೇಕಾಗುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಬಂದ ಗ್ಯಾಂಗಿನವರು ಗುಡಿಸಲಿನಲ್ಲಿ ಜೀವ ಕೈಯಲ್ಲಿ ಹಿಡಿದು ಮಲಗಬೇಕಾಗುತ್ತದೆ.

2019ರ ಆಗಸ್ಟ್ ನಿಮಗೆಲ್ಲ ನೆನಪಿದೆ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಉಕ್ಕಿ ಹರಿದವು, ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಓಣಿಗಳಿಗೆ ನೀರು ನುಗ್ಗಿತು. ಹಿರಣ್ಯಕೇಶಿ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿಯಲ್ಲಿ. ಆ ನೀರು ಗಡಿಯ ನಕ್ಷೆ ನೋಡಿ ಬರಲಿಲ್ಲ. ಅಂದು ಜಾತಿ, ಭಾಷೆ ಕೇಳದೆ ಅನ್ನ ಬಡಿಸಿದರು. ಆದರೆ ನೆರೆಯ ಕಾಲದ ಒಗ್ಗಟ್ಟನ್ನು ನಾವು ತುಸು ಹೆಚ್ಚೇ ಹೊಗಳುತ್ತೇವೆ ಎನಿಸುತ್ತದೆ. ನೀರು ಎದೆಮಟ್ಟ ಬಂದಾಗ ಕೈ ಹಿಡಿಯುವುದು ಅಷ್ಟು ಕಷ್ಟವಲ್ಲ. ನೀರು ಇಳಿದ ಮೇಲೆ, ಪರಿಹಾರದ ಯಾದಿಯಲ್ಲಿ ಯಾರ ಹೆಸರು ಬಂತು, ಯಾರದು ಬಿತ್ತು ಎನ್ನುವಾಗ ಮನಸ್ಸು ಒಡೆಯುತ್ತದೆ. ಶಾಂತಿಯ ಕೆಲಸ ಆಗ ಶುರುವಾಗಬೇಕು.

ಆ ಕೆಲಸ ದೊಡ್ಡದಾಗಿ ಕಾಣುವುದಿಲ್ಲ. ಗಲಾಟೆಯ ಮರುದಿನ ಕಿರಾಣಿ ಅಂಗಡಿಗೆ ಹೋಗಿ, 'ನಿಮ್ಮ ಮಂದಿ ಹಿಂಗ ಮಾಡಿದ್ರಲ್ಲಾ' ಎಂದು ಒಬ್ಬನ ತಲೆಗೆ ಊರಿನ ತಪ್ಪು ಕಟ್ಟದೆ, 'ಏನ್ ಕಾಕಾ, ಆರಾಮ ಅದೀರಿ?' ಎಂದು ಕೇಳಿ ಸಕ್ಕರೆ ಕಟ್ಟಿಸಿಕೊಂಡು ಬರುವುದು. (ಕಾಕಾ, ಮಾಮಾ ಎಂಬ ಮಾತು ಮರಾಠಿಗರದೋ ನಮ್ಮದೋ ಎಂದು ಈ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ, ಪುಣ್ಯಕ್ಕೆ!) ಮೊಬೈಲಿಗೆ ಬಂದ ಕಲ್ಲುತೂರಾಟದ ವಿಡಿಯೋ ಯಾವ ವರ್ಷದ್ದು, ಯಾವ ಊರಿನದು ಎಂದು ತಿಳಿಯದಿದ್ದರೆ ಅದನ್ನು ಮುಂದೆ ಕಳಿಸದಿರುವುದು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ದೇವರನ್ನು ಹಿಂದೂಗಳೇ ಮುಂದೆ ನಿಂತು ಕೂಡಿಸುತ್ತಾರೆ. ಅವರಿಗೆ ಸೌಹಾರ್ದದ ಬಗ್ಗೆ ಯಾರೂ ಭಾಷಣ ಮಾಡಿರಲಿಲ್ಲ. ನಾವು ಇಲ್ಲಿ ಎಣಿಕೆಯಲ್ಲಿ ಕೆಲವೇ ಮನೆಗಳವರು. 'ನಿಮ್ಮ ಮಂದಿ' ಎನ್ನಿಸಿಕೊಳ್ಳುವ ನೋವು ನಮಗೂ ಗೊತ್ತು. ಗೊತ್ತಿದ್ದವರು ಅದನ್ನು ಇನ್ನೊಬ್ಬರಿಗೆ ಕೊಡಬಾರದು.

ಹಬ್ಬದ ಪೂಜೆಯಲ್ಲಿ ಕನ್ನಡ ಹಾಡೆಷ್ಟು, ಕೊಂಕಣಿಯದೆಷ್ಟು, ಮರಾಠಿಯದೆಷ್ಟು ಎಂಬ ಲೆಕ್ಕ ಗುಡಿಯ ಒಳಗೂ ಏಳಬಹುದು. ಪಂಚಾಶತ್ತಮದ ದಿನ ಆ ಲೆಕ್ಕ ತೆಗೆದರೆ ಜೆರುಸಲೇಮಿನ ಬೀದಿಯಲ್ಲಿ ನಿಂತವರು ನಕ್ಕಾರು.

ಇಂದಿನ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಕೋರಿಕೆಯನ್ನು ಮರಾಠಿಯಲ್ಲಿ, ಒಂದನ್ನು ಕೊಂಕಣಿಯಲ್ಲಿ ಓದುತ್ತಾರೆ. ಅರ್ಥವಾಗದಿದ್ದರೆ ಪಕ್ಕದವರನ್ನು ಮೆಲ್ಲಗೆ ಕೇಳಿ, ಎಲ್ಲದಕ್ಕೂ ಗಟ್ಟಿಯಾಗಿ ಉತ್ತರ ಕೊಡೋಣ. ಈಗ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳೋಣ.