ಇಂಗ್ಲಿಷಿನ ಸಣ್ಣ ಮಾತುಗಳು



ಇಂಗ್ಲಿಷ್ ಕಲಿಯುವ ನಮ್ಮ ವಿದ್ಯಾರ್ಥಿಗಳನ್ನು ದೊಡ್ಡ ದೊಡ್ಡ ಶಬ್ದಗಳು ಅಷ್ಟಾಗಿ ಕಾಡುವುದಿಲ್ಲ. ದೊಡ್ಡ ಶಬ್ದಕ್ಕೆ ನಿಘಂಟಿನ ಆಸರೆ ಉಂಟು. ಅವರನ್ನು ಎಡವಿಸತಕ್ಕವು ಇನ್, ಆನ್, ಅಟ್, ಟು, ಬೈ ಎಂಬ ಪುಟ್ಟ ಮಾತುಗಳು. ಹತ್ತು ವರ್ಷ ಓದಿದ ಹುಡುಗನೂ ಈ ಮಾತುಗಳ ಎದುರಿಗೆ ತಡವರಿಸುತ್ತಾನೆ. ತಪ್ಪಾದೀತೆಂಬ ನಾಚಿಕೆಯಿಂದ ಕೊನೆಗೆ ಬಾಯಿಯನ್ನೇ ತೆರೆಯದಿರುತ್ತಾನೆ. ಇದು ಬುದ್ಧಿಯ ಕೊರತೆಯಲ್ಲ. ಕನ್ನಡವು ಒಂದು ರೀತಿಯಲ್ಲಿ ಹೇಳುವುದನ್ನು ಇಂಗ್ಲಿಷು ಬೇರೊಂದು ರೀತಿಯಲ್ಲಿ ಹೇಳುತ್ತದೆ. ಆ ಭೇದವನ್ನು ನಾವು ಅವನಿಗೆ ತಿಳಿಯಹೇಳಿರುವುದಿಲ್ಲ, ಅಷ್ಟೆ. ಈ ಭೇದವನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಉದಾಹರಣೆಗಳನ್ನು ಥೇಮ್ಸ್ ನದಿಯ ದಡದಿಂದ ತರುವ ಅಗತ್ಯವಿಲ್ಲ. ನಮ್ಮ ಕಾಳಿ ನದಿಯೇ ಸಾಕು. ಜೋಯಿಡಾ ಸೀಮೆಯ ಡಿಗ್ಗಿಯ ಬಳಿ ಹುಟ್ಟಿ, ಘಟ್ಟವನ್ನಿಳಿದು, ಕಾರವಾರದ ಬಳಿ ಸಮುದ್ರವನ್ನು ಸೇರುವ ಈ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೊಂದು ಅಣೆಕಟ್ಟುಗಳಿವೆ. ಕದ್ರಾ ಇವುಗಳಲ್ಲಿ ಕೊನೆಯದು.

ಈಗ ಮೂರು ಸಣ್ಣ ವಾಕ್ಯಗಳನ್ನು ಗಮನಿಸಿರಿ. ನದಿಯಲ್ಲಿ ಮೀನಿದೆ. ದಂಡೆಯಲ್ಲಿ ಮನೆಯಿದೆ. ಕದ್ರಾದಲ್ಲಿ ಅಣೆಕಟ್ಟಿದೆ. ಮೂರು ಕಡೆಯೂ ‘ಅಲ್ಲಿ’ ಎಂಬ ಒಂದೇ ಸಪ್ತಮೀ ಪ್ರತ್ಯಯ. ಇಂಗ್ಲಿಷಿನವನಾದರೋ ಇನ್ ದಿ ರಿವರ್, ಆನ್ ದಿ ಬ್ಯಾಂಕ್, ಅಟ್ ಕದ್ರಾ ಎಂದು ಮೂರು ಬೇರೆ ಮಾತುಗಳನ್ನು ಬಳಸುತ್ತಾನೆ. ಸ್ಥಳವು ಒಂದು ವಸ್ತುವನ್ನು ಒಳಗಿಟ್ಟುಕೊಂಡಿದ್ದರೆ ಇನ್. ಮೇಲೆ ಹೊತ್ತುಕೊಂಡಿದ್ದರೆ ಆನ್. ನಕ್ಷೆಯ ಮೇಲಣ ಒಂದು ಚುಕ್ಕೆಯಂತೆ ತೋರಿದರೆ ಅಟ್. ಹಾಗಾದರೆ ಕದ್ರಾದ ನಿವಾಸಿಯು ‘ಐ ಲಿವ್ ಇನ್ ಕದ್ರಾ’ ಎನ್ನುವುದು ತಪ್ಪೇ? ಅಲ್ಲ. ದೂರದಿಂದ ನೋಡುವವನಿಗೆ ಚುಕ್ಕೆಯಾಗಿರುವ ಊರು ಅಲ್ಲಿಯೇ ಬಾಳುವವನಿಗೆ ನಾಲ್ಕು ದಿಕ್ಕಿಗೂ ಹರಡಿದ ಆವರಣವಾಗಿರುತ್ತದೆ. ಆದಕಾರಣ ಈ ಮಾತುಗಳನ್ನು ಪಟ್ಟಿಮಾಡಿ ಬಾಯಿಪಾಠ ಮಾಡುವುದಕ್ಕಿಂತ ಆಯಾ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳುವುದು ಲೇಸು. ಕಾಲಕ್ಕೂ ಇದೇ ಕ್ರಮವು ಬಹುಮಟ್ಟಿಗೆ ಸಲ್ಲುತ್ತದೆ. ಗಂಟೆಯು ಚುಕ್ಕೆ, ಆದ್ದರಿಂದ ಅಟ್ ಸಿಕ್ಸ್. ದಿನಕ್ಕೆ ಆನ್ ಮಂಡೇ. ತಿಂಗಳು ದಿನಗಳನ್ನು ಒಳಗೊಂಡ ಪಾತ್ರೆ, ಆದ್ದರಿಂದ ಇನ್ ಜುಲೈ.

ಈ ಮಾತುಗಳಿಗೆ ಪ್ರಿಪೊಸಿಷನ್ ಎಂದು ಹೆಸರು. ಮುಂದೆ ಇಡತಕ್ಕದ್ದು ಎಂದು ಅದರ ಅರ್ಥ. ನಮ್ಮ ವಿಭಕ್ತಿ ಪ್ರತ್ಯಯಗಳು ನಾಮಪದದ ಕೊನೆಗೆ ಅಂಟಿಕೊಳ್ಳುತ್ತವೆ. ಮೇಲೆ, ಕೆಳಗೆ, ಒಳಗೆ ಎಂಬ ಅವ್ಯಯಗಳೂ ನಾಮಪದವಾದ ಬಳಿಕವೇ ಬರುತ್ತವೆ. ಕಾರವಾರದ ಕಡೆ ಕೊಂಕಣಿ ಮನೆಮಾತಾಗಿರುವವರಿಗೂ ಇದೇ ಅಭ್ಯಾಸ. ‘ಸೇತುವೆಯ ಕೆಳಗೆ’ ಎಂಬುದು ‘ಅಂಡರ್ ದಿ ಬ್ರಿಡ್ಜ್’ ಆಗುವಾಗ ಕ್ರಮವು ತಲೆಕೆಳಗಾಗುತ್ತದೆ. ಇಂಗ್ಲಿಷ್ ಬಲ್ಲವರು ನಮ್ಮ ನುಡಿಯನ್ನು ಕಲಿಯುವಾಗಲೂ ಇದೇ ತೊಡಕು ಎದುರಾಗುತ್ತದೆ. ಅಂಥವರಿಗಾಗಿ ವಿಲಿಯಂ ಕೇರಿಯು ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಅದಕ್ಕೂ ಬಹು ಹಿಂದೆ, 1604ರಲ್ಲಿ, ಭಟ್ಟಾಕಳಂಕನು ಕನ್ನಡದ ಲಕ್ಷಣವನ್ನು ಸಂಸ್ಕೃತ ಸೂತ್ರಗಳಲ್ಲಿ ನಿರೂಪಿಸಿದ್ದನು. ಒಂದು ನುಡಿಯ ಬೆಳಕಿನಲ್ಲಿ ಇನ್ನೊಂದನ್ನು ನೋಡುವ ಪದ್ಧತಿ ನಮಗೆ ಹೊಸದಲ್ಲ. ಇಂಗ್ಲಿಷ್ ಕಲಿಸುವಾಗ ಕನ್ನಡವನ್ನು ತರಗತಿಯ ಹೊರಗೆ ನಿಲ್ಲಿಸುವವರು ಇದನ್ನು ನೆನೆಯಬೇಕು.

ಪ್ರತ್ಯಯವನ್ನೇ ಕಣ್ಣುಮುಚ್ಚಿ ಭಾಷಾಂತರಿಸಿದರೆ ಮಾತ್ರ ಕೆಲಸ ಕೆಡುತ್ತದೆ. ‘ಕಾರವಾರಕ್ಕೆ ಹೋದೆನು’ ಎಂಬಲ್ಲಿ ವೆಂಟ್ ಟು ಕಾರವಾರ ಸರಿ. ಅದೇ ಬಲದಿಂದ ‘ಕಾರವಾರಕ್ಕೆ ತಲುಪಿದೆನು’ ಎಂಬುದನ್ನು ರೀಚ್ಡ್ ಟು ಕಾರವಾರ ಎಂದರೆ ಸಲ್ಲದು. ರೀಚ್ಡ್ ಕಾರವಾರ ಎಂದಷ್ಟೇ ಹೇಳಬೇಕು. ‘ಅವನಿಗೆ ಕೇಳಿದೆನು’ ಎಂಬ ಬಳಕೆಯಿಂದ ಹುಟ್ಟಿದ ಆಸ್ಕ್ಡ್ ಟು ಹಿಮ್ ಎಂಬುದೂ ಹೀಗೆಯೇ. ಇಂಥಲ್ಲಿ ಕ್ರಿಯಾಪದವನ್ನೂ ಅದರ ಜೊತೆಗಾರನನ್ನೂ ಒಟ್ಟಿಗೆ ಕಲಿಯಬೇಕು. ಜೊತೆಗಾರನಿಲ್ಲದಿದ್ದರೆ ಇಲ್ಲವೆಂಬುದನ್ನೂ ಕಲಿಯಬೇಕು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಆಸ್ಥೆ ಏತಕ್ಕೆಂದು ಕೆಲವರು ಕೇಳಬಹುದು. ಕದ್ರಾ ಜಲಾಶಯದ ಗರಿಷ್ಠ ಮಟ್ಟ 34.50 ಮೀಟರು. ಮಳೆಗಾಲದಲ್ಲಿ ಅದರ ಬಾಗಿಲುಗಳನ್ನು ತೆರೆದಾಗ ನೀರು ಕೆಳಗಿನ ಊರುಗಳ ಕಡೆಗೆ ಹರಿಯುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಅದು ಮನೆಗಳಿಗೂ ನುಗ್ಗಿತು. ಅಂಥ ದಿನ ಇಂಗ್ಲಿಷಿನಲ್ಲೊಂದು ಪ್ರಕಟಣೆ ಬಂದಿತೆಂದು ಭಾವಿಸೋಣ. ನೀರು ‘ರೋಸ್ ಬೈ ಟೂ ಮೀಟರ್ಸ್’ ಎಂದರೆ ಇದ್ದ ಮಟ್ಟಕ್ಕಿಂತ ಎರಡು ಮೀಟರು ಹೆಚ್ಚಿತೆಂದು ಅರ್ಥ. ‘ರೋಸ್ ಟು ಥರ್ಟಿಫೋರ್ ಮೀಟರ್ಸ್’ ಎಂದರೆ ಮಟ್ಟವು ಮೂವತ್ತನಾಲ್ಕನ್ನು ಮುಟ್ಟಿತು, ಇನ್ನುಳಿದದ್ದು ಅರ್ಧ ಮೀಟರು ಎಂದು ಅರ್ಥ. ‘ಲೀವ್ ದಿ ಬ್ಯಾಂಕ್ ಬೈ ಸಿಕ್ಸ್’ ಎಂದರೆ ಆರು ಗಂಟೆಯೊಳಗೆ ದಂಡೆಯನ್ನು ಬಿಡಬೇಕು. ಬೈ ಎಂಬುದನ್ನು ‘ವರೆಗೆ’ ಎಂದು ತಿಳಿದವನು ಆರರವರೆಗೂ ಅಲ್ಲಿಯೇ ಇರಬಹುದೆಂದುಕೊಂಡಾನು. ‘ವರೆಗೆ’ ಎಂಬುದಕ್ಕೆ ಮಾತು ಅನ್‌ಟಿಲ್. ‘ಒಳಗೆ’ ಎಂಬುದಕ್ಕೆ ಇಲ್ಲಿ ಬೈ. ಎರಡಕ್ಷರದ ಮಾತಿನಲ್ಲಿ ಎಷ್ಟು ಅಡಗಿದೆ ಎಂಬುದನ್ನು ಇದರಿಂದ ಊಹಿಸಬಹುದು. ಎಲ್ಲರ ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಯನ್ನು ಮೊದಲು ಜನರ ನುಡಿಯಲ್ಲಿಯೇ ಕೊಡಬೇಕೆಂಬುದಂತೂ ನಿರ್ವಿವಾದ.

ಇನ್ನು ಗುಣವಾಚಕಗಳು, ಎಂದರೆ ಅಡ್ಜೆಕ್ಟಿವ್‌ಗಳು. ಇಲ್ಲಿ ಕನ್ನಡಿಗನಿಗೆ ಅರ್ಧ ದಾರಿ ಸುಗಮ. ‘ದೊಡ್ಡ ಅಣೆಕಟ್ಟು’ ಎಂಬುದು ಅದೇ ಕ್ರಮದಲ್ಲಿ ‘ಬಿಗ್ ಡ್ಯಾಂ’ ಆಗುತ್ತದೆ. ವಾಕ್ಯದ ಕೊನೆಗೆ ಬಂದಾಗ ನಮ್ಮ ‘ದೊಡ್ಡ’ವು ‘ದೊಡ್ಡದು’ ಎಂದು ರೂಪ ಬದಲಿಸುತ್ತದೆ, ಕ್ರಿಯಾಪದದ ಅಪೇಕ್ಷೆಯಿಲ್ಲದೆಯೂ ವಾಕ್ಯ ಪೂರ್ಣವಾಗುತ್ತದೆ: ‘ಈ ಅಣೆಕಟ್ಟು ದೊಡ್ಡದು.’ ಇಂಗ್ಲಿಷಿನ ಬಿಗ್ ರೂಪ ಬದಲಿಸುವುದಿಲ್ಲ, ಆದರೆ ಈಸ್ ಎಂಬುದನ್ನು ಬಿಟ್ಟು ನಿಲ್ಲುವುದೂ ಇಲ್ಲ. ನಮ್ಮ ಮಕ್ಕಳು ಈಸ್ ಅನ್ನು ಮರೆಯುವುದಕ್ಕೆ ಇದೇ ಕಾರಣ.

ಹೋಲಿಕೆಯ ವಿಷಯವೂ ಹೀಗೆಯೇ. ‘ಸೂಪಾ ಕದ್ರಾಕ್ಕಿಂತ ಎತ್ತರ’ ಎನ್ನುವಾಗ ನಮ್ಮಲ್ಲಿ ‘ಇಂತ’ ಎಂಬುದೇ ಸಾಕು. ‘ಎತ್ತರ’ವು ಇದ್ದ ಹಾಗೆಯೇ ಇರುತ್ತದೆ. ಇಂಗ್ಲಿಷಿನಲ್ಲಿ ದ್ಯಾನ್ ಬರಬೇಕು, ಹೈ ಎಂಬುದು ಹೈಯರ್ ಆಗಲೂಬೇಕು. ಹೆಚ್ಚು ಜಾಗರೂಕನಾದ ವಿದ್ಯಾರ್ಥಿಯು ಮೋರ್ ಹೈಯರ್ ಎಂದು ಎರಡು ಬಾರಿ ಹೆಚ್ಚಿಸುತ್ತಾನೆ. ಒಂದು ಬಾರಿ ಸಾಕು. ಒಂದು ನೂರ ಒಂದು ಮೀಟರು ಎತ್ತರದ ಸೂಪಾಗೆ ಮತ್ತಾವ ಮೋರ್ ಬೇಕು!

ಕಡೆಯದಾಗಿ, ಈ ಎರಡು ವಿಷಯಗಳು ಒಂದೆಡೆ ಕೂಡುತ್ತವೆ. ‘ಕದ್ರಾದ ಕೆಳಗಿರುವ ಊರುಗಳು’ ಎನ್ನುವಾಗ ವಿಶೇಷಣವೆಲ್ಲವೂ ನಾಮಪದದ ಮುಂದೆಯೇ ನಿಂತಿದೆ. ಇಂಗ್ಲಿಷಿನಲ್ಲಿ ಒಂಟಿ ಗುಣವಾಚಕ ಸಾಮಾನ್ಯವಾಗಿ ನಾಮಪದಕ್ಕೆ ಮೊದಲು. ಪ್ರಿಪೊಸಿಷನ್ನಿನಿಂದ ಆರಂಭವಾಗುವ ವಿಶೇಷಣವಾದರೆ ಅದರ ನಂತರ: ‘ದಿ ಸ್ಮಾಲ್ ವಿಲೇಜಸ್ ಬಿಲೋ ಕದ್ರಾ.’ ಈ ಒಂದು ವಾಕ್ಯಖಂಡವನ್ನು ಚೆನ್ನಾಗಿ ಮನನ ಮಾಡಿದವನಿಗೆ ಇಂಗ್ಲಿಷಿನ ಪದಕ್ರಮದ ಕೀಲಿಯು ದೊರೆತಂತೆ.

ತಾಯಿತಂದೆಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮ ಸೂಚನೆ ಇಷ್ಟೆ. ಮಗುವಿನ ಕೈಗೆ ಪ್ರಿಪೊಸಿಷನ್ನುಗಳ ಪಟ್ಟಿಯನ್ನು ಕೊಡಬೇಡಿರಿ. ತನ್ನೂರಿನ ಹೊಳೆ ಎಲ್ಲಿಂದ ಹೊರಡುತ್ತದೆ, ಯಾವುದರ ಮೂಲಕ ಹರಿಯುತ್ತದೆ, ಯಾವುದರ ಕೆಳಗೆ ಸಾಗುತ್ತದೆ, ಯಾವುದರೊಳಗೆ ಸೇರುತ್ತದೆ ಎಂಬುದನ್ನು ಮೊದಲು ಕನ್ನಡದಲ್ಲಿ ಹೇಳಿಸಿರಿ. ಆ ಮೇಲೆ ಫ್ರಮ್, ಥ್ರೂ, ಅಂಡರ್, ಇನ್‌ಟು ಎಂಬ ಮಾತುಗಳನ್ನು ಒಂದೊಂದಾಗಿ ಕೊಡಿರಿ. ತಪ್ಪಿದಾಗ ನಗದೆ, ಯಾವ ಕನ್ನಡ ಪ್ರತ್ಯಯವು ಅವನನ್ನು ಅಲ್ಲಿಗೆ ಕರೆದೊಯ್ದಿತೆಂಬುದನ್ನು ತೋರಿಸಿರಿ. ತಪ್ಪಿನ ಕಾರಣವನ್ನು ಬಲ್ಲ ಮಗು ಮತ್ತೆ ಬಾಯಿತೆರೆಯಲು ಹೆದರುವುದಿಲ್ಲ.